ಗೋಡೆಯಾಚೆಗಿನ ಬೆನ್ನು

ಕುರ್ಚಿಗೆ ಹನ್ನೊಂದು ಸಾವಿರದ ನಾನೂರು ರೂಪಾಯಿ. ಲಾರಿ ಆಫೀಸಿನವರಿಗೆ ಮುನ್ನೂರ ಇಪ್ಪತ್ತು. ಅಲ್ಲಿಂದ ಮನೆಗೆ ತಂದ ಗಾಡಿಯ ಸಿದ್ದಪ್ಪಾಜಿಗೆ ಎಂಬತ್ತು. ಬಾಗಿಲಲ್ಲಿ ಓರೆ ಮಾಡಿ ಒಳಗೆ ತಳ್ಳುವಾಗ ಅವನ ಹೆಬ್ಬೆರಳು ಚೌಕಟ್ಟಿಗೆ ಸಿಕ್ಕಿಕೊಂಡಿದ್ದರಿಂದ ಮೇಲೆ ಇಪ್ಪತ್ತು ಮತ್ತು ಒಂದು ಲೋಟ ಕಾಫಿ. ಆ ಬೆರಳಿನ ನೋವನ್ನು ನಮ್ಮ ಬೀದಿಯಲ್ಲಿ ಯಾರಿಗೂ ದಾಟಿಸದೆ ತನ್ನ ಜೊತೆಗೇ ತೆಗೆದುಕೊಂಡು ಹೋದ, ಮರ್ಯಾದಸ್ಥ. ಮೇಜಿನ ಕಾಲಡಿ ಇಡುವುದಕ್ಕೆ ಎಂಟು ಇಟ್ಟಿಗೆ ಹಿತ್ತಲಲ್ಲೇ ಇದ್ದವು, ಅದಕ್ಕೆ ಖರ್ಚಿಲ್ಲ. ಅಂತೂ ಹನ್ನೊಂದು ಸಾವಿರದ ಎಂಟುನೂರ ಇಪ್ಪತ್ತು ರೂಪಾಯಿ ಸುರಿದು, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಕೂರುವುದನ್ನು ಕಲಿಯಲು ಹೊರಟೆ.

ನನ್ನ ಹೆಸರು ಮೊಗಣ್ಣಾಚಾರಿ. ಪಾತ್ರೆಗಳ ಮೇಲೆ ಹೆಸರು ಕೊರೆಯುವುದು ನನ್ನ ಕೆಲಸ. ಮದುವೆಗೆ ಉಡುಗೊರೆ ಕೊಡುವ ಕೊಳಗ, ಗೃಹಪ್ರವೇಶದ ಬಿಂದಿಗೆ, ಸಂಘದವರ ಇನ್ನೂರು ಊಟದ ತಟ್ಟೆ, ಎಲ್ಲವೂ ನನ್ನ ಮನೆಯ ಮುಂಕೋಣೆಗೆ ಬಂದೇ ಹೋಗಬೇಕು. ಇಪ್ಪತ್ತಾರು ವರ್ಷ ಚಕ್ಕಳಮಕ್ಕಳ ಹಾಕಿ, ಪಾತ್ರೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಕತ್ತು ಬಗ್ಗಿಸಿ ಬೇರೆಯವರ ಹೆಸರು ಬರೆದಿದ್ದೇನೆ. ಬೆನ್ನು ಕೊನೆಯ ಒಂಬತ್ತು ವರ್ಷ ಬಿಟ್ಟೂಬಿಡದೆ ನೋಯುತ್ತಿತ್ತು. ಸೊಂಟದ ಮೇಲೆ, ಎಡಕ್ಕೆ, ಒಂದು ಸೌಟು ಸಿಕ್ಕಿಸಿದ ಹಾಗೆ.

ನಮ್ಮೂರಿನಲ್ಲಿ ನೋವು ವಾಸಿಯಾಗುವುದಿಲ್ಲ, ಮನೆ ಬದಲಾಯಿಸುತ್ತದೆ. ಒಬ್ಬರನ್ನು ಬಿಟ್ಟರೆ ಇನ್ನೊಬ್ಬರ ಬಳಿಗೆ ಹೋಗಲೇಬೇಕು. ಒಂದೇ ಒಲೆಯ ಅನ್ನ ತಿನ್ನುವವರಿಗೆ ಮಾತ್ರ ಹೋಗುವುದಿಲ್ಲ, ಗೋಡೆ ದಾಟಿಯೇ ಹೋಗುತ್ತದೆ. ಅದೊಂದು ಉಪಕಾರ. ಇಲ್ಲದಿದ್ದರೆ ಊರಿನಲ್ಲಿ ಒಂದು ಸಂಸಾರವೂ ಉಳಿಯುತ್ತಿರಲಿಲ್ಲ. ಅದಕ್ಕೇ ಔಷಧಿ ತೆಗೆದುಕೊಳ್ಳುವ ಮೊದಲು ಎರಡು ವೀಳ್ಯದೆಲೆ, ಒಂದು ಅಡಿಕೆ ಹಿಡಿದುಕೊಂಡು ಯಾರ ಮನೆಗಾದರೂ ಹೋಗಿ ಕೇಳಬೇಕು. ಅವರು ಎಲೆ ತೆಗೆದುಕೊಂಡರೆ ನೋವು ಅವರ ಬಳಿಗೆ. ಕೇಳದೆ ಬಿಟ್ಟರೆ ಗೋಡೆಯಾಚೆ ಯಾರು ಹತ್ತಿರ ಇರುತ್ತಾರೋ ಅವರ ಬಳಿಗೆ. ನಮ್ಮ ಡಾಕ್ಟರು ನಾಲಿಗೆ ನೋಡುವ ಮೊದಲು ಕೇಳುವುದೇ "ಯಾರು ತಗೋತಾರೆ?" ಎಂದು. ಹೊಸ ಅಳಿಯ ಮೊದಲ ವರ್ಷ ಅತ್ತೆಯ ಮಂಡಿನೋವನ್ನು ಒಂದು ತಿಂಗಳು ಇಟ್ಟುಕೊಳ್ಳುವುದು ನಮ್ಮಲ್ಲಿ ಮರ್ಯಾದೆ. ಎರಡನೆಯ ವರ್ಷ ಅತ್ತೆ ಎಲೆ ಹಿಡಿದುಕೊಂಡು ಬಂದಾಗ ಅಳಿಯ ಮನೆಯಲ್ಲಿರುವುದಿಲ್ಲ.

ನಾನೂ ಒಮ್ಮೆ ಕೇಳಿ ನೋಡಿದ್ದೆ. ನನ್ನ ಹೆಂಡತಿ ಸಾವಂದ್ರಿಯ ಅಣ್ಣ ಕೆಂಚಯ್ಯ, ಮೂರು ಬೀದಿ ಆಚೆ ಇರುವವನು, ಧಾರಾಳವಾಗಿ ಎಲೆ ತೆಗೆದುಕೊಂಡ. ಐದನೆಯ ದಿನ ಗೋಡೆ ಹಿಡಿದುಕೊಂಡು ಬಂದು ನೋವನ್ನು ವಾಪಸು ಕೊಟ್ಟ. ಮೇಲೆ ಅರ್ಧ ಕೆ.ಜಿ. ಕಾಫಿಪುಡಿಯನ್ನೂ ಕೊಟ್ಟು, "ಭಾವ, ಇನ್ನೊಂದ್ ಸಲ ಕೇಳ್ಬೇಡಿ. ಬೇಕಾದ್ರೆ ಜಮೀನು ಕೇಳಿ" ಎಂದ. ಅಂದಿನಿಂದ ಮುಲಾಮಿನಲ್ಲೇ ದಿನ ತಳ್ಳುತ್ತಿದ್ದೆ. ಮುಲಾಮು ನೋವನ್ನು ಮಲಗಿಸುತ್ತದೆ, ಹೊರಡಿಸುವುದಿಲ್ಲ. ಅದಕ್ಕೆ ಯಾರ ಒಪ್ಪಿಗೆಯೂ ಬೇಡ.

ಹೀಗಿರುವಾಗ ಸಹಕಾರಿ ಬ್ಯಾಂಕಿನ ಲೋಟಗಳಿಗೆ ಹೆಸರು ಹಾಕಿದ ದುಡ್ಡು ಕೇಳಲು ಹೋದವನು ಅಲ್ಲಿನ ಹೊಸ ಕುರ್ಚಿಯ ಮೇಲೆ ಕೂತೆ. ಜಾಲರಿಯ ಬೆನ್ನು, ಚಕ್ರದ ಕಾಲು, ಸೊಂಟದ ಹತ್ತಿರ ಒಂದು ಉಬ್ಬು. ಮ್ಯಾನೇಜರು ದುಡ್ಡು ಕೊಟ್ಟ ಮೇಲೂ ನಾನು ಏಳಲಿಲ್ಲ. "ಇನ್ನೇನಾದ್ರೂ ಬೇಕಿತ್ತಾ ಆಚಾರ್ರೇ?" ಎಂದು ಅವರು ಕೇಳಿದಾಗ ಅಂಗಡಿಯ ವಿಳಾಸ ಬೇಕು ಎಂದೆ.

ಎಲೆ ಅಡಿಕೆ ಹಿಡಿದು ಯಾರನ್ನೂ ಕೇಳಲಿಲ್ಲ. ಅದಕ್ಕೆ ನನ್ನ ಬಳಿ ಒಂದು ನ್ಯಾಯವೂ ಇತ್ತು. ಮಾತ್ರೆ ಔಷಧಿ, ಎಣ್ಣೆ ತಿಕ್ಕಿಸುವುದು ಔಷಧಿ, ಆಸ್ಪತ್ರೆ ಔಷಧಿ. ಕುರ್ಚಿ ಮರಮುಟ್ಟು. ಬೀರು ತಂದರೆ ಯಾರಾದರೂ ಪಕ್ಕದ ಮನೆಯವರಿಗೆ ವೀಳ್ಯ ಕೊಡುತ್ತಾರೆಯೇ? ಈ ನ್ಯಾಯವನ್ನು ನಾನು ಯಾರ ಮುಂದೆಯೂ ಹೇಳಲಿಲ್ಲ, ಸಾವಂದ್ರಿಯ ಮುಂದೆಯೂ. ಹೇಳಿದರೆ ನಿಲ್ಲುವುದಿಲ್ಲ ಎಂದು ಆಗಲೇ ಗೊತ್ತಿತ್ತು ಅಂತ ಕಾಣುತ್ತದೆ.

ಬುಧವಾರ ಬೆಳಿಗ್ಗೆ ಕುರ್ಚಿಯನ್ನು ಜೋಡಿಸಲು ಕೂತೆವು. ಜೊತೆಗೆ ಬಂದಿದ್ದ ಹಾಳೆಯಲ್ಲಿ ಮುಖವಿಲ್ಲದ ಒಬ್ಬ ಮನುಷ್ಯನ ಚಿತ್ರವಿತ್ತು. ಅವನು ಎಲ್ಲ ಚಿತ್ರಗಳಲ್ಲೂ ನೆಟ್ಟಗೆ ಕೂತಿದ್ದ. "ಇವನಿಗೇನ್ರೀ, ಮುಖಾನೇ ಇಲ್ಲ, ಇನ್ನು ಸೊಂಟ ಎಲ್ಲಿ ನೋಯುತ್ತೆ" ಎಂದಳು ಸಾವಂದ್ರಿ.

ಮೊದಲು ಎತ್ತರ. ಬಲಗಡೆಯ ಹಿಡಿ ಎತ್ತಿದರೆ ಕುರ್ಚಿ ಉಸ್ಸೆಂದು ಇಳಿಯುತ್ತದೆ, ಎದ್ದು ಎತ್ತಿದರೆ ಏರುತ್ತದೆ. ಪಾದ ಪೂರ್ತಿ ನೆಲಕ್ಕೆ ಊರಬೇಕು, ತೊಡೆ ನೆಲಕ್ಕೆ ಸಮವಾಗಿರಬೇಕು. ಆಮೇಲೆ ಸೀಟನ್ನು ಹಿಂದಕ್ಕೆ ಮುಂದಕ್ಕೆ ಜರುಗಿಸಿ, ಅದರ ಅಂಚಿಗೂ ಮೊಣಕಾಲಿನ ಹಿಂಭಾಗಕ್ಕೂ ನಡುವೆ ಮೂರು ಬೆರಳು ಜಾಗ ಬಿಡಬೇಕು. ಸಾವಂದ್ರಿ ಬೆರಳಿಟ್ಟು ನೋಡಿ, "ನನ್ನ ಬೆರಳೋ ನಿಮ್ಮ ಬೆರಳೋ, ಹಾಳೇಲಿ ಬರ್ದಿಲ್ಲ" ಎಂದಳು. ಕೈ ಇಡುವ ದಿಂಡುಗಳು ಹೆಗಲು ಏರದಷ್ಟು ಎತ್ತರದಲ್ಲಿ. ಪಾತ್ರೆ ತೊಡೆಯ ಮೇಲಲ್ಲ, ಮೇಜಿನ ಮೇಲೆ, ಅದರ ಕೆಳಗೆ ಒಂದು ಸಿಂಬಿ. ಕಣ್ಣು ಪಾತ್ರೆಯ ಹತ್ತಿರ ಹೋಗುವುದಲ್ಲ, ಪಾತ್ರೆಯೇ ಕಣ್ಣಿನ ಹತ್ತಿರ ಬರಬೇಕು. ಇಪ್ಪತ್ತಾರು ವರ್ಷ ಇದು ಯಾಕೆ ಹೊಳೆಯಲಿಲ್ಲ ಎಂದು ನನಗೇ ನಾಚಿಕೆಯಾಯಿತು. ಎಂಟು ಇಟ್ಟಿಗೆಯ ಬುದ್ಧಿ.

ಕೊನೆಗೆ ಬೆನ್ನಿನ ಉಬ್ಬು. ಹಿಂದೆ ಒಂದು ತಿರುಗಣೆ. ತಿರುಗಿಸಿದಂತೆ ಉಬ್ಬು ಮುಂದಕ್ಕೆ ಬಂದು ಸೊಂಟದ ಮೇಲಿನ ತಗ್ಗನ್ನು ತುಂಬುತ್ತದೆ. ಒಂದು ಸುತ್ತು ತಿರುಗಿಸಿದೆ. ಎರಡು. ಮೂರನೆಯ ಸುತ್ತಿಗೆ ಒಂಬತ್ತು ವರ್ಷದ ಸೌಟನ್ನು ಯಾರೋ ಮೆಲ್ಲಗೆ ಎಳೆದು ತೆಗೆದ ಹಾಗಾಯಿತು. ಅದೇ ಕ್ಷಣಕ್ಕೆ ಬಲಗಡೆಯ ಗೋಡೆಯಾಚೆ ಒಂದು ಚೊಂಬು ಠಣ್ಣೆಂದು ಬಿದ್ದ ಸದ್ದು. "ಯವ್ವಾ!" ಎಂದಿತು ಒಂದು ದನಿ.

ಸಾವಂದ್ರಿ ನನ್ನ ಮುಖ ನೋಡಿದಳು. "ಚೊಂಬು ಬಿತ್ತು" ಎಂದೆ ನಾನು.

ಆ ಗೋಡೆಯಾಚೆ ಇರುವವಳು ದೇವೀರಮ್ಮ. ನನಗಿಂತ ಐದಾರು ವರ್ಷ ದೊಡ್ಡವಳು, ದೇವೀರಕ್ಕ ಎನ್ನುತ್ತೇನೆ. ಗಂಡ ಹೋಗಿ ಬಹಳ ವರ್ಷವಾಯಿತು. ಎಳೆಮಕ್ಕಳಿಗೆ ಎಣ್ಣೆ ಹಚ್ಚಿ ನೀರು ಹಾಕುವುದು ಅವಳ ಕಸುಬು. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಎರಡೂ ಕಾಲು ನೀಡಿ, ಮಗುವನ್ನು ಕಾಲಮೇಲೆ ಬೋರಲು ಹಾಕಿಕೊಂಡು ನೀರು ಹೊಯ್ಯಲು ಶುರುಮಾಡಿದಳೆಂದರೆ, ಎಂಥ ರಚ್ಚೆಯ ಮಗುವೂ ಮೂರನೆಯ ಚೊಂಬಿಗೆ ಸುಮ್ಮನಾಗುತ್ತಿತ್ತು. ಊರಿನ ಅರ್ಧ ಜನರ ತಲೆ ದುಂಡಗಿರುವುದು ಅವಳ ಅಂಗೈಯಿಂದ. ಬಾಗಿದ ಬೆನ್ನು, ನೀಡಿದ ಕಾಲು, ಜಾರುವ ಮಗು: ಆ ಕೆಲಸಕ್ಕೆ ಬೇರೇನಿಲ್ಲದಿದ್ದರೂ ನಡು ಗಟ್ಟಿಯಿರಬೇಕು.

ಮೂರು ದಿನ ನಾನು ರಾಜನ ಹಾಗೆ ಕೆಲಸ ಮಾಡಿದೆ. ಹಾಳೆಯಲ್ಲಿ ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಬೇಕೆಂದು ಬರೆದಿತ್ತು. ಎದ್ದು ಜಗುಲಿಗೆ ಬಂದು ನಿಂತರೆ ಬಲಗಡೆಯ ಜಗುಲಿಯಲ್ಲಿ ದೇವೀರಕ್ಕ ಕಾಣುತ್ತಿದ್ದಳು. ಗುರುವಾರ, "ಏನಕ್ಕಾ, ಕೆಲ್ಸಕ್ಕೆ ಹೋಗ್ಲಿಲ್ವಾ?" ಎಂದೆ. "ಹೋಗ್ ಬಂದೆ ಕಣಪ್ಪ. ನಡ ಹಿಡ್ಕಂಬುಟ್ಟೈತೆ. ವಯಸ್ಸಾಯ್ತಲ್ಲ" ಎಂದಳು. "ಹಂಗೆಲ್ಲ ಏನಿಲ್ಲ, ಬಿಸಿನೀರು ಹಾಕ್ಕೊ" ಎಂದು ಹೇಳಿ ಒಳಗೆ ಬಂದೆ. ಶುಕ್ರವಾರ ಜಗುಲಿಗೆ ಹೋಗದೆ ಹಿತ್ತಲಿನಲ್ಲಿ ಓಡಾಡಿದೆ.

ಶನಿವಾರ ಬೆಳಿಗ್ಗೆ ಸಾವಂದ್ರಿ ನಲ್ಲಿಯಿಂದ ನೀರು ತಂದು, ಬಿಂದಿಗೆಯನ್ನು ಇಳಿಸದೆ ಸೊಂಟದ ಮೇಲೇ ಇಟ್ಟುಕೊಂಡು ನನ್ನ ಮುಂದೆ ನಿಂತಳು.

"ದೇವೀರಕ್ಕ ಜಗುಲಿಯಿಂದ ಏಳೋದು ನೋಡ್ದೆ. ಎಡಗೈ ಸೊಂಟಕ್ಕೆ, ಬಲಗೈ ಮಂಡಿಗೆ. 'ಹೂಂ, ಶಿವಾ' ಅಂತ ಎದ್ದು, ಏನೋ ಮರ್ತೋರ ಥರ ಒಂದ್ ಗಳಿಗೆ ನಿಂತ್ಕೊಂಡ್ರು."

"ಅದಕ್ಕೇನೀಗ?"

"ಒಂಬತ್ತು ವರ್ಷ ದಿನಾ ನೋಡಿದೀನಿ ಕಣ್ರೀ. ಅದು ನಿಮ್ಮ ನೋವು. ನಂಗೆ ಗುರುತು ಸಿಗಲ್ವಾ?"

"ಕುರ್ಚಿ ಔಷಧಿ ಅಲ್ಲ ಕಣೇ..." ಎಂದು ನನ್ನ ನ್ಯಾಯವನ್ನು ಶುರುಮಾಡಿದೆ. ಹೆಚ್ಚು ದೂರ ಹೋಗಲಿಲ್ಲ.

"ಗುರುವಾರ ತರಕಾರಿ ರಾಜಮ್ಮನ ಮೊಮ್ಮಗು ಅವ್ರ ಕಾಲ್ಮೇಲಿಂದ ಜಾರಿತ್ತಂತೆ. ಪಕ್ಕದಲ್ಲಿ ಅಜ್ಜಿ ಇದ್ಲು, ಹಿಡ್ಕೊಂಡ್ಲು. ಅವತ್ತಿಂದ ದೇವೀರಕ್ಕ ಊಟ ಸರಿಯಾಗಿ ಮಾಡಿಲ್ಲ. ಮಿಲ್ಲಿನ ಮನೇಲಿ ಮೊನ್ನೆ ಹೆರಿಗೆಯಾಗಿದೆ, ಎರಡೂಕಾಲು ಕೆ.ಜಿ. ಮಗು. ಬೇರೆಯೋರ್ನ ನೋಡ್ಕೊಳ್ಳಿ ಅಂತ ದೇವೀರಕ್ಕಾನೇ ಇವತ್ತು ಬೆಳಿಗ್ಗೆ ಅವ್ರಿಗೆ ಹೇಳಿ ಕಳ್ಸಿದಾರೆ. ಕೆಲ್ಸಾನೇ ಬಿಡ್ತೀನಿ ಅಂತಾರೆ." ಬಿಂದಿಗೆಯನ್ನು ಇಳಿಸಿದಳು. "ವಯಸ್ಸಾಯ್ತು ಅಂತ ಅಳ್ತಾ ಕೂತಿದಾರೆ ರೀ. ವಯಸ್ಸಲ್ಲ ಅದು, ನೀವು."

ನಾನೇ ಎದ್ದು ಹೋಗಿ ತಪ್ಪು ಒಪ್ಪಿಕೊಂಡೆ ಎಂದು ಬರೆದರೆ ಓದುವವರಿಗೂ ಹಿತ, ನನಗೂ ಹಿತ. ಆದರೆ ನಾನು ಮಾಡಿದ್ದೇ ಬೇರೆ. ಸದ್ದಿಲ್ಲದೆ ಹೋದದ್ದು ಸದ್ದಿಲ್ಲದೆ ವಾಪಸು ಬರಲಿ, ಯಾರಿಗೂ ಗೊತ್ತಾಗುವುದು ಬೇಡ ಎಂದು ಯೋಚಿಸಿ, ಕುರ್ಚಿಯನ್ನು ಹಾಳುಮಾಡಿ ಕೂರಲು ಶುರುಮಾಡಿದೆ. ಉಬ್ಬನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದೆ. ಸೀಟನ್ನು ನೆಲಕ್ಕೆ ಇಳಿಸಿದೆ, ಮೊಣಕಾಲು ಗಲ್ಲದ ಹತ್ತಿರ ಬಂತು. ಮೇಜಿನ ಕಾಲಡಿಯಿಂದ ಇಟ್ಟಿಗೆ ಕಿತ್ತೆ. ಮೂವತ್ತು ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು, ಕತ್ತನ್ನು ಮುರಿದವನ ಹಾಗೆ ಬಗ್ಗಿಸಿ ಮಧ್ಯಾಹ್ನವೆಲ್ಲ ಕೊರೆದೆ. ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತಿದ್ದ ಸಾವಂದ್ರಿ, "ಹನ್ನೊಂದು ಸಾವಿರ ಕೊಟ್ಟು ಗೂನಾಗೋದು ನೀವೊಬ್ರೇ" ಎಂದಳು.

ನೋವು ಬಂತು. ಆದರೆ ಹಳೆಯದಲ್ಲ, ಹೊಸದು. ಕತ್ತಿನಲ್ಲಿ, ಮುಳ್ಳು ಚುಚ್ಚಿದ ಹಾಗೆ. ಹಳೆಯ ನೋವು ಎಲೆ ಹಿಡಿದು ಕರೆಯದೆ ಹೊಸ್ತಿಲು ದಾಟುವುದಿಲ್ಲ ಎಂಬುದು ಚಿಕ್ಕಮಕ್ಕಳಿಗೂ ಗೊತ್ತು, ನನಗೆ ಮಾತ್ರ ಬೇಕಾದಾಗ ಮರೆತುಹೋಗಿತ್ತು. ಐದು ಗಂಟೆಯ ಹೊತ್ತಿಗೆ ಸಾಕಾಯಿತು. ಕುರ್ಚಿಯನ್ನು ಮೊದಲಿನ ಹಾಗೆ ಏರಿಸಿ, ತಲೆಯನ್ನು ಹಿಂದಕ್ಕೆ ಅದರ ತಲೆದಿಂಬಿಗೆ ಆನಿಸಿ, ಕಣ್ಣು ಮುಚ್ಚಿ, ಉಸ್ಸಪ್ಪಾ ಎಂದೆ.

ಎಡಗಡೆಯ ಗೋಡೆಯಾಚೆಯಿಂದ ಕೂಗು ಎದ್ದಿತು. ಅಲ್ಲಿರುವವರು ಪರಮಶಿವಯ್ಯ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಎಪ್ಪತ್ತಮೂರು ವರ್ಷ, ದನಿ ಮಾತ್ರ ಇನ್ನೂ ಶಾಲೆಯದೇ. ಅವರು ದೇವೀರಕ್ಕನ ಹಾಗೆ ವಯಸ್ಸಿನ ಮೇಲೆ ಹಾಕಿ ಸುಮ್ಮನಿರುವವರಲ್ಲ. ಕತ್ತನ್ನು ಒಂದು ಕಡೆಗೆ ವಾಲಿಸಿಕೊಂಡೇ ಬೀದಿಗೆ ಇಳಿದರು.

"ಲೋ ಮೊಗಣ್ಣ! ಬಾರೋ ಈಚೆಗೆ! ನಿನ್ನ ಕಡೆಯಿಂದ ಏನೋ ಬಂತು ಕಣೋ, ತಗೊಂಡ್ ಹೋಗು! ಕುರ್ಚಿ ಬಂದಾಗ್ಲೇ ಅಂದ್ಕೊಂಡೆ, ಇವ್ನು ಎಲೆ ಕೊಡ್ಲಿಲ್ವಲ್ಲ ಅಂತ. ನನಗೆ ಇದ್ದಿದ್ದೇ ಒಂದು ಒಳ್ಳೇ ಕತ್ತು!"

ನಾನು ಜಗುಲಿಗೆ ಬಂದೆ. ಎಡಗಡೆ ಮೇಷ್ಟ್ರು. ಬಲಗಡೆ, ಗೋಡೆ ಹಿಡಿದುಕೊಂಡು, ದೇವೀರಕ್ಕ ಬಾಗಿಲಿಗೆ ಬಂದಿದ್ದಳು. ಕುರ್ಚಿ, ಎಲೆ ಎರಡೂ ಅವಳ ಕಿವಿಗೆ ಬಿದ್ದಿದ್ದವು. ನನ್ನನ್ನೇ ನೋಡುತ್ತಿದ್ದಳು. ಲೆಕ್ಕ ಅವಳ ಮುಖದಲ್ಲೇ ಕೂಡುತ್ತಿತ್ತು: ಬುಧವಾರ, ಚೊಂಬು, ನಡು.

"ಮೊಗಣ್ಣ, ಇದೂ ನಿಂದೇಯಾ?" ಎಂದಳು.

"ಹೂಂ ಅಕ್ಕ."

"ಬುಧವಾರದಿಂದ?"

"ಹೂಂ."

"ಬಿಸಿನೀರ್ ಹಾಕ್ಕೊ ಅಂದ್ಯಲ್ಲೋ ನನಗೆ!"

ಹಿಂದಿನಿಂದ ಸಾವಂದ್ರಿ ಬಂದು ನನ್ನ ಕೈಗೆ ತಟ್ಟೆ ಕೊಟ್ಟಳು. ಅದರಲ್ಲಿ ನಾಲ್ಕು ವೀಳ್ಯದೆಲೆ, ಎರಡು ಅಡಿಕೆ. ಯಾವಾಗ ತರಿಸಿಟ್ಟಿದ್ದಳೋ.

ತಟ್ಟೆಯನ್ನು ಚಾಚಿದೆ. "ನೀವೇ ಎಲೆ ತಗೊಂಡು ನನಗೆ ಕೊಡಿ. ನನ್ನದು ನಾನೇ ಇಟ್ಕೋತೀನಿ." ಮೇಷ್ಟ್ರು ಕೂಡಲೇ ಕೊಟ್ಟರು. ಆದರೆ ಎಲೆ ಕೊಟ್ಟರಷ್ಟೇ ಸಾಲದು, ಹಿಡಿದುಕೊಂಡಿರುವ ನೋವು ಸಡಿಲವಾಗಬೇಕಲ್ಲ. ಅದಕ್ಕೆ ಔಷಧಿ ಒಳಗೇ ಇತ್ತು. ಮೇಷ್ಟ್ರು ಬಂದು ಕುರ್ಚಿಯಲ್ಲಿ ಕೂತು ತಲೆ ಆನಿಸಿದರು. ಮುಳ್ಳು ನನ್ನ ಕತ್ತಿಗೆ ವಾಪಸು ಬಂತು. ಅವರು ಎದ್ದು, ಕತ್ತನ್ನು ಎರಡೂ ಕಡೆ ತಿರುಗಿಸಿ ನೋಡಿ, ಕುರ್ಚಿಯ ಸುತ್ತ ಒಂದು ಸುತ್ತು ಬಂದು, "ಡ್ರಾಯಿಂಗ್ ಚೆನ್ನಾಗಿದೆ" ಎಂದು ಹೇಳಿ ಹೊರಟರು.

ದೇವೀರಕ್ಕ ಹೊಸ್ತಿಲಲ್ಲೇ ನಿಂತಿದ್ದಳು. "ಅದರ ಮೇಲೆ ನಾ ಕೂರಕಿಲ್ಲ. ಚಕ್ರ ಐತೆ, ಎಲ್ಲಿಗಾದ್ರೂ ಹೊಂಟೋದ್ರೆ?" ಎಂದಳು. ಸಾವಂದ್ರಿ ಕೈ ಹಿಡಿದು ಕೂರಿಸಿದಳು. ಕೂತರೆ ಕಾಲು ನೆಲಕ್ಕೆ ಎಟುಕಲಿಲ್ಲ. "ನೋಡವ್ವಾ, ತೊಟ್ಲಾಗಿರೋ ಕೂಸಂಗೆ ಕಾಲಾಡಿಸ್ಕಂಡು ಕೂತಿವ್ನಿ" ಎಂದು ನಕ್ಕಳು. ಬುಧವಾರದಿಂದ ಆ ನಗು ಗೋಡೆಯಾಚೆ ಕೇಳಿರಲಿಲ್ಲ ಎಂದು ಆಗ ನನಗೆ ಅನಿಸಿತು.

ಸೀಟನ್ನು ಇಳಿಸಿದೆ, ಸಾಲಲಿಲ್ಲ. ಕಾಲ ಕೆಳಗೆ ಒಂದು ಮಣೆ ಇಟ್ಟೆ. ಉಬ್ಬನ್ನು ನಾಲ್ಕು ಬೆರಳು ಕೆಳಕ್ಕೆ ತಂದೆ. ಎಷ್ಟು ಗಿಡ್ಡ ಹೆಂಗಸು, ಎಷ್ಟು ಮಕ್ಕಳನ್ನು ಎತ್ತಿದ್ದಾಳೆ! ತಿರುಗಣೆ ತಿರುಗಿಸುತ್ತಾ, "ಈಗ?" ಎಂದು ಕೇಳಿದೆ.

"ಇನ್ನೊಸಿ."

"ಈಗ?"

"ಆ... ಅಲ್ಲೇ. ಅಲ್ಲೇ ಕಣ್ ಮೊಗಣ್ಣ, ನಿಲ್ಸು."

ಎಲೆಯನ್ನು ನನ್ನ ಕೈಗಿಟ್ಟು ಅವಳು ಹಿಂದಕ್ಕೆ ಒರಗಿದಳು. ಸೌಟು ತನ್ನ ಜಾಗಕ್ಕೆ ಬಂದು ಕೂತಿತು. ಸೊಂಟದ ಮೇಲೆ, ಎಡಕ್ಕೆ. ನಾನು ಎಡಗೈಯನ್ನು ಅಲ್ಲಿಗೆ ಒತ್ತಿಕೊಂಡದ್ದನ್ನು ನೋಡಿ ದೇವೀರಕ್ಕ, "ಇಂಥದ್ನ ಒಂಬತ್ತು ವರ್ಸ ಇಟ್ಕಂಡಿದ್ಯೇನೋ? ಒಂದ್ ಮಾತು ಹೇಳಬಾರದಾಗಿತ್ತಾ?" ಎಂದಳು.

"ನಿನ್ನ ಕೇಳೋದು ಹೆಂಗಕ್ಕಾ. ನಿನ್ ಕಾಲ್ಮೇಲೆ ಮಕ್ಳು ಇರ್ತವೆ."

"ಕೇಳ್ದೆ ಕೊಟ್ಯಲ್ಲ, ಆಗ ಇರ್ಲಿಲ್ವಾ ಮಕ್ಳು?"

ಸಾವಂದ್ರಿ ಅಡುಗೆಮನೆಗೆ ಹೋಗಿ ಕಾಫಿಗೆ ಇಟ್ಟಳು. ಲೋಟ ಕೈಗೆ ಬಂದ ಮೇಲೆ ದೇವೀರಕ್ಕನೇ ಮಾತು ತೆಗೆದಳು. ಅವಳಿಗೆ ನಡು ಬೇಕಾಗಿರುವುದು ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ. ಮಧ್ಯಾಹ್ನ ಉಂಡು ಚಾಪೆಯ ಮೇಲೆ ಮಲಗುತ್ತಾಳೆ. ಮಲಗಿದವರಿಗೆ ನನ್ನ ನೋವು ಅಷ್ಟು ಕಾಡುವುದಿಲ್ಲ ಎಂದು ಮೂರು ದಿನದಲ್ಲಿ ನೋಡಿದ್ದಾಳೆ. "ಊಟ ಆದ್ಮೇಲೆ ಎಲೆ ತಂದು ಕೊಡು. ಐದು ಗಂಟೆಗಂಟ ನಾ ನೋಡ್ಕತೀನಿ. ಐದಕ್ಕೆ ಬಂದು ನಿನ್ನ ಕುರ್ಚಿ ಮೇಲೆ ಕುಂತು ವಾಪಸ್ ಕೊಟ್ಟು ಹೋಯ್ತೀನಿ."

"ಬೇಡಕ್ಕಾ."

"ಬೇಡ ಅನ್ನಕ್ಕೆ ನೀನ್ಯಾರು? ಕೇಳ್ದೆ ಕೊಡೋನಿಗೆ ಕೇಳ್ಕಂಡು ಕೊಡಕ್ಕೆ ನಾಚಿಕೇನಾ?"

ಹಾಗೆ ಶುರುವಾದದ್ದು ಒಂದೂವರೆ ವರ್ಷದಿಂದ ನಡೆಯುತ್ತಿದೆ. ಕುರ್ಚಿಯ ಬೆನ್ನಿನ ಕಂಬಿಯ ಮೇಲೆ ಎರಡು ಗೆರೆ ಕೊರೆದಿದ್ದೇನೆ, ಮೇಲಿನದು ನನ್ನದು, ಕೆಳಗಿನದು ಅವಳದು. ದಿನವೂ ಅಳೆಯುವ ಕೆಲಸವಿಲ್ಲ. ಬೆಳಿಗ್ಗೆ ದೊಡ್ಡ ಅಕ್ಷರದ ಕೆಲಸವನ್ನು ನಿಂತುಕೊಂಡು ಮಾಡುತ್ತೇನೆ, ಮಧ್ಯಾಹ್ನ ಸಣ್ಣ ಅಕ್ಷರದ ಕೆಲಸವನ್ನು ಕೂತು. ಐದು ಗಂಟೆಗೆ ದೇವೀರಕ್ಕ ಬಂದು ಮಣೆಯ ಮೇಲೆ ಕಾಲಿಟ್ಟು ಕೂತು, ನನಗೆ ನನ್ನದನ್ನು ಕೊಟ್ಟು, ಕಾಫಿ ಕುಡಿದು, ಆ ದಿನ ನೀರು ಹಾಕಿದ ಮಕ್ಕಳಲ್ಲಿ ಯಾವುದಕ್ಕೆ ಯಾರ ಮೂಗು ಬಂದಿದೆ ಎಂದು ಹೇಳಿ ಹೋಗುತ್ತಾಳೆ. ಕತ್ತಿನ ಮುಳ್ಳು ನನ್ನ ಬಳಿಯೇ ಉಳಿದಿದೆ. ಅದನ್ನು ಯಾರಿಗೂ ಕೊಡುವಂತಿಲ್ಲ ಎಂದು ಸಾವಂದ್ರಿ ತೀರ್ಮಾನ ಮಾಡಿದ್ದಾಳೆ.

ಮಿಲ್ಲಿನ ಮನೆಗೆ ಮಾರನೆಯ ದಿನ ಬೆಳಿಗ್ಗೆಯೇ ನಾನು ಹೋಗಿದ್ದೆ. ದೇವೀರಕ್ಕನ ನಡು ಸರಿಯಾಗಿದೆ, ತಪ್ಪು ನನ್ನದು, ಅವಳನ್ನೇ ಕರೆಸಿಕೊಳ್ಳಿ ಎಂದೆ. ಬಾಣಂತಿಯ ತಾಯಿ ಮರಿನಂಜಮ್ಮ ಬೇಜಾರು ಪಟ್ಟುಕೊಂಡರು. ಅವರು ಕೂಸಾಗಿದ್ದಾಗ ಅವರಿಗೆ ನೀರು ಹಾಕಿದವಳು ದೇವೀರಕ್ಕನ ಅತ್ತೆ, ಅವರ ಮಗಳಿಗೆ ದೇವೀರಕ್ಕ. "ಏನ್ ಮಾಡ್ಲಿ ಆಚಾರ್ರೇ, ನೆನ್ನೆ ಮಧ್ಯಾಹ್ನ ಕೆರೆಬೀದಿಯವಳಿಗೆ ಸೀರೆ ಕೊಟ್ಟು ಒಪ್ಸಿಬಿಟ್ವಿ. ಸೀರೆ ಉಡಿಸಿದ ಮೇಲೆ ಬೇಡ ಅನ್ನೋಕಾಗುತ್ತಾ? ನೀವು ಒಂದಿನ ಮುಂಚೆ ಬರಬೇಕಿತ್ತು" ಎಂದರು. ಒಂದು ದಿನ ಮುಂಚೆ ನಾನು ಕುರ್ಚಿಯಲ್ಲಿ ಗೂನಾಗಿ ಕೂತು ತಟ್ಟೆ ಕೊರೆಯುತ್ತಿದ್ದೆ.

ಆ ಮಗು ಈಗ ನಡೆಯುತ್ತದೆ. ಅಜ್ಜಿಯ ಬೆರಳು ಹಿಡಿದು ನಮ್ಮ ಬೀದಿಯಲ್ಲಿ ಹೋದಾಗಲೆಲ್ಲ ದೇವೀರಕ್ಕ ಜಗುಲಿಯಿಂದ ಅದರ ಕಾಲನ್ನೇ ನೋಡುತ್ತಾಳೆ. "ಚೂರು ಬಿಲ್ಲಾಗವೆ. ಎಣ್ಣೆ ಸರಿಯಾಗಿ ತೀಡಿಲ್ಲ ಅವ್ಳು" ಎನ್ನುತ್ತಾಳೆ. ನನಗೆ ನೆಟ್ಟಗೇ ಕಾಣುತ್ತವೆ. ಆದರೂ ಹೌದು ಎನ್ನುತ್ತೇನೆ.

ನನಗೆ ದಿನಕ್ಕೆ ಮೂರು ಗಂಟೆ ನೋವಿಲ್ಲದ ಬೆನ್ನು ಸಿಕ್ಕಿತು. ದೇವೀರಕ್ಕನಿಗೆ ಎರಡು ತಲೆಮಾರಿನಿಂದ ಬಂದಿದ್ದ ಒಂದು ಮನೆ ತಪ್ಪಿಹೋಯಿತು.